ಒಣಮೀನಿನ ಜಾಗಕ್ಕೆ ಬಂದ ಸರ್ವರ್

ಹೊನ್ನಾವರದ ನಮ್ಮ ಮನೆಯ ಜಗುಲಿಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ಕಾಲ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಒಂದೇ ಯಂತ್ರದ ಹೊಟ್ಟೆಯಲ್ಲಿ ನಾಲ್ಕಾರು ಕಂಪ್ಯೂಟರ್ ಓಡಿಸುವ ವರ್ಚುವಲ್ ಮಷಿನ್ ಹುಚ್ಚು ನನಗೆ ಹಿಡಿದಿತ್ತು. ಅದರ ಜೊತೆಗೆ ಒಂದು ಆತಂಕವೂ ಇತ್ತು. ಅಕ್ಕನ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಸಲು ಹಿಡಿದಿತ್ತು. ತೀರಿಹೋದ ಅಪ್ಪನ ನಗು, ಮಾತು ಉಳಿದದ್ದು ಅದರಲ್ಲಿ ಮಾತ್ರ. ಹೇಗೋ ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡೆ. ಆಮೇಲೆ ಕ್ಯಾಸೆಟ್ ಓಡಲೇ ಇಲ್ಲ.

ಇದಕ್ಕೆಲ್ಲ ಒಂದು ಸರ್ವರ್ ಬೇಕಿತ್ತು. ರೆಡಿಮೇಡ್ ಸಿಗುವ ಪುಟ್ಟ ಡಬ್ಬಿ ಫೈಲು ಇಡಲು ಸಾಕು, ವರ್ಚುವಲ್ ಮಷಿನ್ ಹೊರಿಸಿದರೆ ಏದುಸಿರು ಬಿಡುತ್ತದೆ. ಕುಮಟೆಯ ಅಂಗಡಿಯವ ಜೋಡಿಸಿಕೊಡುವ ದೊಡ್ಡ ಪೆಟ್ಟಿಗೆಯಲ್ಲಿ ಮೆಮೊರಿ ಧಾರಾಳ; ಡಿಸ್ಕೂ ಎರಡು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಜಂಬ ಕೊಚ್ಚಿಕೊಳ್ಳಲಿಕ್ಕೂ ದೊಡ್ಡದೇ ಚೆಂದ. ತೊಡಕು ಜಾಗದ್ದು. ಮನೆಯಲ್ಲಿ ತೇವ ಮುಟ್ಟದ ಮೂಲೆ ಒಂದೇ, ಒಲೆಗೋಡೆಯ ಆಚೆ ಬದಿಯದು. ಅಲ್ಲಿ ಅಮ್ಮನ ಒಣಮೀನಿನ ಡಬ್ಬಗಳಿದ್ದವು.

"ಎಂತಕ್ಕೆ ಇಷ್ಟು ದೊಡ್ಡದು?" ಎಂದಳು ಅಮ್ಮ.

"ಹಿಂದಿಂದ ಬಿಸಿಗಾಳಿ ಬಿಡ್ತದೆ. ಮಳೆಗಾಲದಲ್ಲಿ ನಿನ್ನ ಮೀನು ಮೆತ್ತಗಾಗೂದಿಲ್ಲ."

ಡಬ್ಬಗಳು ತಕ್ಷಣ ಜಾಗ ಬಿಟ್ಟವು. ವಾರದೊಳಗೆ ಸರ್ವರಿನ ಬೆನ್ನಿಗೆ ಒಂದು ಮೊರ ಬಂಗಡೆ ಮೀನು ಬಂತು. ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡೇ ವಿದ್ಯೆ ಕಲಿತರು. ಮಾಡಿದ್ದುಣ್ಣೋ ಮಹಾರಾಯ!

ಗುಡುಗಿದರೆ ಸಾಕು, ನಮ್ಮ ಕಡೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತಾರೆ. ಅದಕ್ಕೇ ಅಮ್ಮನನ್ನು ಮೊದಲೇ ಹೆದರಿಸಿಟ್ಟಿದ್ದೆ: "ಇದೊಂದು ಮುಟ್ಟಬೇಡ. ಅಪ್ಪ ಇದರೊಳಗಿದ್ದಾರೆ. ತಟ್ಟನೆ ಬಂದಾದ್ರೆ ಕೆಡ್ತದೆ."

"ಆತು," ಎಂದಿದ್ದಳು.

ಮುಂಗಾರಿಗೆ ಮುಂಚಿನ ಒಂದು ಮಧ್ಯಾಹ್ನ ನಾನು ಕುಮಟೆಯಲ್ಲಿದ್ದಾಗ ಗುಡುಗು ಶುರುವಾಯಿತು. ಬಸ್ಸಿಳಿದು ಬಂದರೆ ಪಕ್ಕದ ಮನೆಯ ಟಿವಿ, ಫೋನು ಸುಟ್ಟಿದ್ದವು. ನಮ್ಮ ಸ್ವಿಚ್‌ಬೋರ್ಡೂ ಕಪ್ಪಾಗಿತ್ತು. ನನ್ನ ಜೋಡಿ ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿವೆ, ಸಿಡಿಲಿಗೆ ಎರಡೂ ಒಂದೇ ತುತ್ತು ಎಂಬುದು ಈ ಮೇಷ್ಟರಿಗೆ ಆಗ ಹೊಳೆಯಿತು. ಚಪ್ಪಲಿಯನ್ನೂ ಬಿಡದೆ ಮೂಲೆಗೆ ಓಡಿದೆ.

ಅಲ್ಲಿ ಸರ್ವರಿನ ಪ್ಲಗ್ಗು, ನೆಟ್‌ವರ್ಕಿನ ಸಪೂರ ವಯರು ಎಲ್ಲ ಕಿತ್ತು ಸುತ್ತಿಟ್ಟಿತ್ತು. ಪೆಟ್ಟಿಗೆಯ ಮೇಲೆ ಅಮ್ಮನ ಹಳೆಯ ಸೀರೆ ಹೊದಿಸಿತ್ತು. ಮರುದಿನ ಬೋರ್ಡು ರಿಪೇರಿಯಾದ ಮೇಲೆ ಚಾಲೂ ಮಾಡಿದೆ. ಅಪ್ಪ ಮದುವೆ ಚಪ್ಪರದಡಿ ನಕ್ಕರು. ನನಗೆ ಅಳು ಬಂತು. ಆದರೂ ಮೇಷ್ಟರ ಬುದ್ಧಿ ಬಿಡಲಿಲ್ಲ.

"ಮುಟ್ಟಬೇಡ ಅಂದಿದ್ದೆ ಅಲ್ಲ?" ಎಂದೆ.

ಅಮ್ಮ ಬಂಗಡೆ ಮಗುಚುತ್ತ ಅಂದಳು, "ಅಪ್ಪ ಒಳಗಿದ್ದಾರೆ ಅಂತ ನೀನೇ ಹೇಳಿದ್ದೆ ಅಲ್ಲ, ತಮಾ? ಅವ್ರಿಗೆ ಗುಡುಗಂದ್ರೆ ಮೊದಲಿಂದ್ಲೂ ಹೆದ್ರಿಕೆ."