ಸೋಮವಾರ ಕುಡಿದ ಚಹಾ

ಮೊಮ್ಮಗಳು ಬೆಳಗಾವಿಯಲ್ಲಿ ಓದುತ್ತಾಳೆ. ಅವಳ ಓದು ಎಂದರೆ ಈಗ ಮನೆ ಮನೆ ತಿರುಗುವುದು. ಜಾತಿ ಹಿಡಿದು ಹೀಯಾಳಿಸಿಕೊಂಡ ಹುಡುಗ ಹುಡುಗಿಯರ ಮೈಗೆ ಏನಾಗುತ್ತದೆ, ನೌಕರಿಗೆ ಏನಾಗುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕಂತೆ.

"ಕೇಳೂದೇನೈತಿ? ನಿದ್ದಿ ಹೋಗತೈತಿ, ನೌಕರಿ ಹೋಗತೈತಿ," ಎಂದೆ.

"ಹಂಗ ನಾನ ಬರದ್ರ ಯಾರೂ ನಂಬೂದಿಲ್ಲ ಆಯಿ. ಅವರ ಬಾಯಿಂದನ ಬರಬೇಕು."

ಅವರ ಬಾಯಿಂದಲೇ ಬರುತ್ತಿರಲಿಲ್ಲ. ಮೂಡಲಗಿ ಆಯಿತು, ಹುಕ್ಕೇರಿ ಕಡೆಯ ಘೋಡಗೇರಿ ಆಯಿತು. ಎಲ್ಲರೂ "ನಮಗೇನೂ ಆಗಿಲ್ರಿ" ಎಂದು ನಕ್ಕು ಕಳಿಸಿದರು. ಕೊನೆಗೆ ಕೊಣ್ಣೂರಿನ ಹುಡುಗಿಯೊಬ್ಬಳು ಬರ್ರಿ ಎಂದಳು. ನರ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತವಳು. ಇವಳೂ ಬಾಯಿ ಬಿಡದಿದ್ದರೆ ತನ್ನ ಓದು ಇಲ್ಲಿಗೇ ನಿಂತಂತೆ ಎಂದು ಮೊಮ್ಮಗಳು ಸರಿಯಾಗಿ ಉಣ್ಣುವುದನ್ನೂ ಬಿಟ್ಟಿದ್ದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಗೋಕಾಕದಲ್ಲಿ ಬಸ್ಸು ಹತ್ತಿದೆ.

ಹುಡುಗಿಯ ಮನೆ ಊರ ಹೊರಗಿನ ಕೇರಿಯಲ್ಲಿ. ಚಾಪೆ ಹಾಸಿದಳು, ಚಹಾ ತಂದಳು. ಮೊಮ್ಮಗಳು ಕುಡಿದಳು. ನನ್ನದು ಸೋಮವಾರದ ಉಪವಾಸ. ಸಂಜೆ ದೇವರಿಗೆ ಕೈ ಮುಗಿಯುವ ತನಕ ನೀರೂ ಮುಟ್ಟುವುದಿಲ್ಲ. ಮದುವೆಯಾದಾಗಿನಿಂದ ಹಾಗೆಯೇ.

"ಬ್ಯಾಡವಾ, ಇವತ್ತ ಸೋಮಾರ," ಎಂದೆ.

ಹುಡುಗಿ ನನ್ನ ಮುಂದಿನ ಕಪ್ ಎತ್ತಿಕೊಂಡಳು. "ಇರಲಿ ಬಿಡ್ರಿ ಆಯಿ. ನಮ್ಮ ಮನಿಗೆ ಬಂದವ್ರಿಗೆ ದಿನಾ ಸೋಮಾರನ ಇರತೈತಿ."

ಆಮೇಲೆ ಏನು ಕೇಳಿದರೂ ಹೂಂ, ಇಲ್ಲ, ಅಷ್ಟೇ. ತಾನೇ ಕರೆದವಳು ಗೋಡೆ ನೋಡುತ್ತ ಕೂತಳು. ಮೊಮ್ಮಗಳ ಮುಖ ಸಣ್ಣದಾಯಿತು. ನಾನು ಹೇಳಿದ್ದು ನಿಜ. ಆದರೆ ಆ ಹುಡುಗಿ ಇಷ್ಟು ವರ್ಷ ಕೇಳಿದ ಸುಳ್ಳುಗಳೂ ಹೀಗೆಯೇ ಇದ್ದವು. ಅವಳಾದರೂ ಹೇಗೆ ಗುರುತು ಹಿಡಿಯಬೇಕು?

"ತಾ ಇಲ್ಲೆ ಆ ಚಹಾ," ಎಂದೆ.

"ಆರೇತ್ರಿ."

"ಆರಿದ್ದನ ಕುಡಿತೇನಿ. ದೇವ್ರಿಗೆ ನಾ ಹೇಳಕೋತೇನಿ, ನೀ ಇಕಿಗೆ ಹೇಳು."

ಒಂದೇ ಗುಟುಕಿಗೆ ಕುಡಿದೆ. "ಏನವಾ, ಇಷ್ಟ ಸಕ್ಕರಿ ಸುರವೀಯಲ್ಲ, ನಿಮ್ಮವ್ವ ಬೈಯೂದಿಲ್ಲೇನ?"

ಹುಡುಗಿಗೆ ನಗು ತಡೆಯಲಿಲ್ಲ. ನಕ್ಕ ಮೇಲೆ ಮಾತು ಬಂತು. ದವಾಖಾನೆಯಲ್ಲಿ ಪೇಶಂಟುಗಳು ಮೊದಲು ಊರು ಕೇಳುತ್ತಿದ್ದರಂತೆ, ಆಮೇಲೆ ಯಾರ ಪೈಕಿ ಎಂದು. ತಿಳಿದ ಕೂಡಲೇ ಚಾಚಿದ ತೋಳು ಹಿಂದಕ್ಕೆ, ಬೇರೆ ನರ್ಸ್ ಬರಲಿ ಎಂದು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಕೆಲಸಕ್ಕೆ ಹೊರಡುವ ಹೊತ್ತಿಗೆ ತಲೆ ಸಿಡಿಯಲು ಸುರುವಾಯಿತು.

"ಬರಬರತ ಕೈ ನಡಗಾಕತ್ತೂರಿ. ನಡಗೂ ಕೈಲೆ ಸೂಜಿ ಚುಚ್ಚಬಾರದಂತ ನಾನ ಬಿಟ್ಟೆ. ಯಾರೂ ಬಿಡಸಲಿಲ್ಲ."

ಮೊಮ್ಮಗಳ ಪೆನ್ನು ನಿಂತಿತ್ತು. ಒರೆಸಲು ಸೆರಗಿಲ್ಲದೆ, ಅಳುತ್ತ ತೋಳಿನಿಂದಲೇ ಮೂಗು ಒರೆಸಿಕೊಳ್ಳುತ್ತಿದ್ದಳು.

"ಆಮ್ಯಾಲೆ ಅಳು. ಅಕಿ ಹೇಳಾಕತ್ತಾಳ, ಮೊದಲ ಬರಿ," ಎಂದೆ.

ಹುಡುಗಿ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಹೇಳಿದಳು: "ಸಾವಕಾಶ ಬರೀರಿ ಅಕ್ಕಾ. ನನಗೇನ ಡ್ಯೂಟಿ ಐತೇನ?"