ನೀರುಚಿಗಟದ ಎದೆಬಡಿತ ಎಣಿಸಿದ ಮೇಷ್ಟ್ರು

ಒಂದಾನೊಂದು ಕಾಲದಲ್ಲಿ ಪ್ರತಿಯೊಂದು ಪ್ರಾಣಿಯ ಎದೆಯೊಳಗೂ ಒಂದು ಕುದುರೆ ಮಲಗಿತ್ತಂತೆ. ಹುಲಿಯ ವಾಸನೆ ಬಡಿದೊಡನೆ ಎದ್ದು ಓಡುತ್ತಿತ್ತಂತೆ. ಕಕ್ಕಬೆಯ ನಮ್ಮಜ್ಜಿ ಹೊನ್ನಮ್ಮ ಹೇಳುತ್ತಿದ್ದ ಈ ಕಥೆಯ ಕುದುರೆಗೆ ಅಡ್ರಿನಲಿನ್ ಎಂಬ ಹೆಸರಿದೆಯೆಂದೂ, ಭಯವಾದಾಗ ರಕ್ತಕ್ಕಿಳಿಯುವ ಆ ಹಾರ್ಮೋನು ಹೃದಯದ ಸ್ನಾಯುವಿನೊಳಕ್ಕೆ ಹೆಚ್ಚು ಕ್ಯಾಲ್ಸಿಯಂ ಹರಿಯಗೊಟ್ಟು ಅದನ್ನು ಬಲವಾಗಿ, ಬೇಗಬೇಗ ಕುಗ್ಗಿಸುತ್ತದೆಯೆಂದೂ ನನಗೆ ತಿಳಿಸಿದವರು, ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಪ್ರಾಣಿಶಾಸ್ತ್ರ ಬೋಧಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ಕೊಡ್ಲಿಪೇಟೆಯ ಪೂಜ್ಯ ಶಾಂತಪ್ಪನವರು.

ನಾನು ಅವರ ವಿದ್ಯಾರ್ಥಿನಿಯಾಗುವ ಹೊತ್ತಿಗೆ ಕಪ್ಪೆ ಕೊಯ್ಯುವುದು ನಿಂತು, ಹೃದಯವು ಕಂಪ್ಯೂಟರಿನ ಪರದೆ ಸೇರಿತ್ತು. "ಇದು ಬರೀ ಬೊಂಬೆ ಅಲ್ವಾ ಸಾರ್? ನಾನು ಬಿ.ಎಸ್ಸಿ. ಬಿಟ್ಟು ಬಿ.ಎ. ಸೇರ್ತೇನೆ" ಎಂದು ಮೊಂಡು ಹಿಡಿದೆ.

"ಇರು ಕಣಮ್ಮ. ಕೊಯ್ಯದೇನೇ, ಬದುಕಿರೋ ಹೃದಯ ಅಡ್ರಿನಲಿನ್ ಬಿದ್ದೊಡ್ನೆ ಓಡೋದನ್ನ ತೋರುಸ್ತೀನಿ. ತೋರುಸ್ದೆ ರಿಟೈರ್ ಆಗಲ್ಲ" ಎಂದರು.

ಆ ಮಾತಿನ ಆಸೆಗೆ ಉಳಿದೆ. ಮುಂದೆ ನನ್ನ ಎಂ.ಎಸ್ಸಿ. ಅರ್ಜಿಯನ್ನು ಅವರೇ ಮೈಸೂರಿಗೆ ಹೊತ್ತೊಯ್ದು ಕೊಟ್ಟು ಬಂದರು. ಈಗ ಅವರದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ.

ಅವರು ಆರಿಸಿಕೊಂಡದ್ದು ನೀರುಚಿಗಟವನ್ನು. ಸಾಸಿವೆಗಾತ್ರದ, ಗಾಜಿನಂಥ ಮೈಯ ಜೀವಿ. ಸೂಕ್ಷ್ಮದರ್ಶಕದಡಿ ಇಟ್ಟರೆ ಹೃದಯ ಹೊರಗಿನಿಂದಲೇ ಕಾಣುತ್ತದೆ. ಕಕ್ಕಬೆಯ ನಮ್ಮ ಗದ್ದೆಬದಿಯ ಕೆರೆಯಿಂದ ಕಾಲೇಜಿಗೆ ಜೀಪಿನಲ್ಲಿ ಸೀಸೆಗಟ್ಟಲೆ ತರಿಸಿದರು. ಆದರೆ ಅಡ್ರಿನಲಿನ್ ಹಾಕುವ ಮೊದಲೇ ಅದರ ಎದೆ ನಾಗಾಲೋಟದಲ್ಲಿರುತ್ತಿತ್ತು. ಹಾಕಿದ ಮೇಲೂ ಅಷ್ಟೇ ವೇಗ, ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಆರು ವರ್ಷ ಹೀಗೆಯೇ ಕಳೆಯಿತು. ಪ್ರತಿ ಸೋಲನ್ನೂ ತಾರೀಖು ಸಮೇತ ಕರಿಹಲಗೆಯ ಮೇಲೆ ಬರೆದು ಮಕ್ಕಳೆದುರು ಒಪ್ಪಿಕೊಳ್ಳುವ ದೊಡ್ಡತನ ಅವರದು.

ಕಳೆದ ತಿಂಗಳು ಕೊನೆಯ ಸೀಸೆಗೆಂದು ಅವರೇ ನಮ್ಮ ಮನೆಗೆ ಬಂದಾಗ ಅಜ್ಜಿ ನಕ್ಕರು: "ಅಲ್ಲ ಮೇಷ್ಟ್ರೇ, ಈ ತಿರುವಲ್ಲಿ ಜೀಪ್ ಹತ್ತಿದ್ರೆ ನಾನೇ ಎರಡು ಸಲ ವಾಂತಿ ಮಾಡ್ತೇನೆ. ಆ ಹುಳದ ಎದೆ ಹೊಡ್ಕೊಳ್ಳದೆ ಇರ್ತದಾ?"

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಥೂ! ಇಷ್ಟು ವರ್ಷ ಹೆದರಿಕೆ ಹಾರ್ಮೋನಿನ ಪಾಠ ಮಾಡ್ದೋನು ನಾನು!"

ಮರುವಾರ ಸೂಕ್ಷ್ಮದರ್ಶಕವೇ ಜೀಪ್ ಹತ್ತಿ ಕೆರೆದಂಡೆಗೆ ಬಂತು, ಹಿಂದೆ ಹದಿನಾಲ್ಕು ವಿದ್ಯಾರ್ಥಿಗಳು. ಚಿಗಟಗಳನ್ನು ತಂಪು ನೀರಿನಲ್ಲಿ ಒಂದು ಗಂಟೆ ಅಲುಗಿಸದೆ ಬಿಟ್ಟರು.

ಗುರುಗಳಿಗೆ ಆಯುರಾರೋಗ್ಯವಿರಲಿ, ಅವರ ಪಾಠ ಇನ್ನೂ ಬಹುಕಾಲ ಇಂಥ ದಂಡೆಗಳಲ್ಲಿ ನಡೆಯಲಿ ಎಂದು ಹಾರೈಸುವಾಗ ನನ್ನ ಕಣ್ಣಮುಂದಿರುವುದು ಆ ಬೆಳಗು. ಒಂದೊಂದು ಬಡಿತಕ್ಕೆ ಕಾಗದದ ಮೇಲೆ ಒಂದೊಂದು ಚುಕ್ಕೆ ಇಟ್ಟೆವು. ಬರಿಯ ನೀರಿನಲ್ಲಿ ಹತ್ತು ಸೆಕೆಂಡಿಗೆ ಮೂವತ್ತೊಂದು. ಅಡ್ರಿನಲಿನ್ ತೊಟ್ಟು ಬಿದ್ದ ಮೇಲೆ ನಲವತ್ತನಾಲ್ಕು. ಮೂರು ಸಲ ಎಣಿಸಿದೆವು.

"ಕಂಡ್ತೇನಮ್ಮ?"

"ಕಂಡಿತು ಸಾರ್."

ಅವರು ಗಾಜಿನ ಬಟ್ಟಲನ್ನು ಕೆರೆಗೆ ಬಾಗಿಸಿದರು. ಚಿಗಟ ಕುಪ್ಪಳಿಸುತ್ತ ಈಜಿಹೋಯಿತು.