ನಾಗವ್ವನ ಟೊಂಕದ ವ್ಯಾಯಾಮ

ಮರಾಠಿ ಸೀಮೆಯ ಕೋಥರೂಡದಲ್ಲಿ ಮನೆ ಮಾಡಿದ ನಾಗವ್ವನಿಗೆ ಐವತ್ತಾರು ವರ್ಷ. ಕೆಲಸಕ್ಕೆ ನಿಂತರೆ ಹತ್ತಾಳಿನ ಸಮ, ಹಟಕ್ಕೆ ನಿಂತರೆ ಕೇಳುವುದೇ ಬೇಡ. ಎಂಬತ್ತಾರರ ಮಾವ ಕಾಡಪ್ಪನವರ ಮೊಣಕಾಲು ಸೋತು ಮೂರು ವರ್ಷವಾಯಿತು. ಗಂಡ ಬೆಳಗಾದರೆ ಮಗರಪಟ್ಟಾದ ಆಫೀಸಿಗೆ ಓಡುತ್ತಾನೆ. ಮಾವನನ್ನು ಮಂಚದಿಂದ ಎಬ್ಬಿಸಿ, ಬಚ್ಚಲಿಗೆ ನಡೆಸಿ, ಪಡಸಾಲೆಯ ಕುರ್ಚಿಯಲ್ಲಿ ಕೂರಿಸುವವಳು ಇವಳೇ. ಹಾಗೆ ಎಬ್ಬಿಸುವಾಗಲೇ ಒಂದು ದಿನ ಟೊಂಕ ಹಿಡಿದುಕೊಂಡಿತು.

ಡಾಕ್ಟರರು, ಎಲುಬಿಗೇನೂ ಆಗಿಲ್ಲ, ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ಬಲ ಬರಬೇಕು ಎಂದರು. ಆರು ವಾರ ವ್ಯಾಯಾಮ; ಅಲ್ಲಿಯವರೆಗೆ ಯಾರನ್ನೂ ಎತ್ತುವಂತಿಲ್ಲ. ಗಂಡ ಅಷ್ಟು ದಿನ ಮನೆಯಿಂದಲೇ ಆಫೀಸಿನ ಕೆಲಸ ಮಾಡಲು ಒಪ್ಪಿಗೆ ಪಡೆದ. “ಅಷ್ಟರಾಗ ಕಡಿಮಿ ಆಗ್ಲಿಲ್ಲಂದ್ರ ಅಪ್ಪನ್ನ ಸೊಲ್ಲಾಪುರಕ್ಕ ರಂಜನಾನ ಮನಿಗೆ ಬಿಟ್ಟು ಬರೋಣು,” ಎಂದ. ರಂಜನಾ ಅವನ ತಂಗಿ. ತಾಯಿಯಿಲ್ಲದೆ ಬೆಳೆದು ಸೊಸೆಯಾಗಿ ಬಂದ ನಾಗವ್ವನಿಗೆ, “ಉಂಡಿಯೇನವಾ?” ಎಂದು ಈ ಮನೆಯಲ್ಲಿ ಮೊದಲು ಕೇಳಿದವರು ಮಾವ. ಅವರನ್ನು ಕಳಿಸುವುದೇ? ಆಗದ ಮಾತು!

ಫಿಜಿಯೋಥೆರಪಿಸ್ಟ್ ಮಂಜರಿ ಮರಾಠಿ ಹುಡುಗಿ. ಅಂಗಾತ ಮಲಗಿ ಸೊಂಟ ಎತ್ತುವುದನ್ನು ಕಲಿಸಿದಳು. ಮಗು ಅಂಬೆಗಾಲಿಡುವ ಹಾಗೆ ನಿಂತು, ಬಲಗೈ ಮುಂದೆ, ಎಡಗಾಲು ಹಿಂದೆ ನೇರ ಚಾಚಿ ಹತ್ತು ಎಣಿಸುವುದನ್ನೂ ಕಲಿಸಿದಳು. ಕ್ಲಿನಿಕ್ಕಿನಲ್ಲಿ ನಾಗವ್ವ ಶಹಬ್ಬಾಸ್ ಅನ್ನುವಂತೆ ಮಾಡಿದಳು. ಮನೆಯಲ್ಲೂ ಒಂದು ದಿನ ತಪ್ಪಿಸಲಿಲ್ಲ. ಆದರೂ ಮೂರನೇ ವಾರಕ್ಕೆ ನೋವು ಹೆಚ್ಚೇ ಆಯಿತು. ಮಂಜರಿಗೆ ತಲೆಬುಡ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಸ್ಕೂಟಿ ತಿರುಗಿಸಿ ಮನೆಗೇ ಬಂದಳು.

ಬಂದು ನೋಡಿದರೆ ಏನು! ಚಾಪೆ ಹಾಸುವಷ್ಟು ಜಾಗ ಇರುವುದು ಪಡಸಾಲೆಯಲ್ಲಿ ಮಾತ್ರ. ಅಲ್ಲಿ ಎದುರಿಗೇ ಕುರ್ಚಿಯಲ್ಲಿ ಮಾವ. ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರಬಾರದು. ಹಾಗಾಗಿ ಈ ಮಹಾತಾಯಿ, ಚಾಚಬೇಕಾದ ಕೈಯಿಂದ ಸೆರಗು ಹಿಡಿದುಕೊಂಡು, ಕುತ್ತಿಗೆ ಸೊಟ್ಟ, ಸೊಂಟ ಸೊಟ್ಟ, ಹತ್ತರವರೆಗೆ ಎಣಿಸುತ್ತಿದ್ದಾಳೆ!

“ಅಹೋ ಕಾಕೂ!” ಎಂದು ಚಿಕ್ಕಮ್ಮನನ್ನು ಕರೆದಂತೆ ಕೂಗಿ ಮಂಜರಿ ತಲೆ ಚಚ್ಚಿಕೊಂಡಳು. ಸೆರಗು ಬಿಡಿ, ಇಲ್ಲದಿದ್ದರೆ ಈ ಜನ್ಮದಲ್ಲಿ ಟೊಂಕ ನೆಟ್ಟಗಾಗದು ಎಂದು ಮರಾಠಿಯಲ್ಲೇ ಗದರಿದಳು. ನಾಗವ್ವ ಕಣ್ಣಲ್ಲೇ ಮಾವನ ಕಡೆಗೆ ತೋರಿಸಿದಳು.

ಕಾಡಪ್ಪನವರಿಗೆ ಅಷ್ಟು ಸಾಕಾಯಿತು. “ಅಯ್ಯ ಹುಚ್ಚವ್ವ, ನನ್ನ ಸಲುವಾಗಿ ಟೊಂಕ ಮುರ್ಕೋತಿಯೇನು? ಮುಸುಕು ನಾನ ಹಾಕ್ಕೋತೀನಿ ತಗೊ!” ಎಂದವರೇ ಹೆಗಲ ಮೇಲಿನ ಶಾಲನ್ನು ತಲೆ, ಮುಖ ಎಲ್ಲ ಮುಚ್ಚುವಂತೆ ಎಳೆದುಕೊಂಡರು. “ಹೂಂ, ಚಾಲೂ ಮಾಡು. ಒಂದು... ಎರಡು...” ಎಂದು ಒಳಗಿನಿಂದಲೇ ಎಣಿಸತೊಡಗಿದರು. ನಾಗವ್ವ ನಗು ತಡೆಯಲಾಗದೆ ಚಾಪೆಯ ಮೇಲೆ ಉರುಳಿಬಿಟ್ಟಳು.

ಅಂದಿನಿಂದ ದಿನಾ ಅದೇ. ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ವ್ಯಾಯಾಮ ಮಾಡುವುದು, ಮಾವ ಶಾಲಿನೊಳಗಿಂದ ಎಣಿಸುವುದು. ಆರನೇ ವಾರ ಮಂಜರಿ ಬೆನ್ನು ಪರೀಕ್ಷಿಸಿ, ಇನ್ನು ಮಾವನನ್ನು ಎಬ್ಬಿಸಬಹುದು, ಮೊಣಕಾಲು ಮಡಚಿ ಎಬ್ಬಿಸಿ ಎಂದಳು.

ಮರುದಿನ ವ್ಯಾಯಾಮ ಮುಗಿಯುವುದಕ್ಕೂ ರಂಜನಾಳ ಫೋನ್ ಬರುವುದಕ್ಕೂ ಸರಿಹೋಯಿತು. ಅಪ್ಪನನ್ನು ಯಾವಾಗ ಕರೆತರುತ್ತೀರಿ ಎಂದು ಕೇಳಿದಳು.

“ಕಳಸಂಗಿಲ್ಲ ರಂಜನಾ. ಮಾವಾರು ನನ್ನ ಕಡೇನ ಇರ್ತಾರ,” ಎಂದು ನಾಗವ್ವ ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಫೋನ್ ಇಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಮಾವಾರ, ಮುಗೀತ್ರಿ. ಶಾಲು ತಗೀರಿ.”

ಶಾಲು ಅಲುಗಾಡಿತು, ಕೆಳಗಿಳಿಯಲಿಲ್ಲ.

“ತಡಿಯವಾ,” ಎಂದರು ಕಾಡಪ್ಪ. “ಕಣ್ಣು ಒರಸ್ಕೋತೀನಿ.”